ಬಣ್ಣಕ್ಕೆ ಲೆಕ್ಕ ಬರೆದ ಮ್ಯಾಕ್ಸ್‌ವೆಲ್

ಡಿಸೈನ್ ಕೆಲಸ ಮಾಡುವ ಅಂಗಡಿಗಳಲ್ಲಿ, ದೊಡ್ಡ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಕೆಲವೊಮ್ಮೆ ಕಂಪ್ಯೂಟರ್ ಪರದೆಯ ಮೇಲೆ ಮೌಸ್‌ನಂಥ ಒಂದು ಸಣ್ಣ ಸಾಧನ ನೇತಾಡುತ್ತಿರುತ್ತದೆ. ಅದರ ವೈರು ಮಾನಿಟರಿನ ಮೇಲಿಂದ ಹಿಂದಕ್ಕೆ ಇಳಿದಿರುತ್ತದೆ. ಪರದೆಯು ಒಂದಾದ ಮೇಲೊಂದು ಕೆಂಪು, ಹಸಿರು, ನೀಲಿ, ಬೂದು ಬಣ್ಣಗಳನ್ನು ತೋರಿಸುತ್ತಾ ಹೋಗುತ್ತದೆ. ಸಾಧನವು ಒಂದೊಂದನ್ನೂ ಅಳೆದು ಲೆಕ್ಕ ಬರೆದುಕೊಳ್ಳುತ್ತದೆ. ಇದಕ್ಕೆ ಕಲರಿಮೀಟರ್ ಎಂದು ಹೆಸರು. ಮಾನಿಟರಿನ ಬಣ್ಣವನ್ನು ಸರಿಪಡಿಸುವುದು, ಅಂದರೆ ಕ್ಯಾಲಿಬ್ರೇಟ್ ಮಾಡುವುದು ಇದರ ಕೆಲಸ.

ಇದು ಯಾಕೆ ಬೇಕು? ಒಂದೇ ಫೋಟೊ ಎರಡು ಮಾನಿಟರುಗಳಲ್ಲಿ ಎರಡು ಬಗೆಯಾಗಿ ಕಾಣುತ್ತದೆ. ಪರದೆಯ ಮೇಲೆ ಮೆರೂನ್ ಎಂದು ಒಪ್ಪಿಕೊಂಡ ಮದುವೆ ಕಾರ್ಡು ಅಚ್ಚಾಗಿ ಬಂದಾಗ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆನ್‌ಲೈನ್‌ನಲ್ಲಿ ಬಟ್ಟೆ ಮಾರುವವರಿಗೆ ಬಣ್ಣ ಬೇರೆ ಎಂಬ ಕಾರಣಕ್ಕೆ ಮಾಲು ವಾಪಸ್ ಬರುತ್ತದೆ. ಆ ನಷ್ಟವನ್ನು ಯಾರ ಖಾತೆಗೆ ಬರೆಯಬೇಕು? ಮಾರಿದವನು ಸುಳ್ಳು ಹೇಳಿಲ್ಲ, ಕೊಂಡವನೂ ಸುಳ್ಳು ಹೇಳಿಲ್ಲ. ಇಬ್ಬರೂ ತಮ್ಮ ಪರದೆಯಲ್ಲಿ ಕಂಡದ್ದನ್ನೇ ಹೇಳುತ್ತಿದ್ದಾರೆ.

ಇದು ಪರದೆಯ ತೊಂದರೆ ಮಾತ್ರವಲ್ಲ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಊದಾ ಎನ್ನುವುದನ್ನು ಕನ್ನಡದ ಗೆಳೆಯರು ನೇರಳೆ ಎನ್ನುತ್ತಾರೆ. ಫಿರೋಜಿ ಬಣ್ಣವನ್ನು ಒಬ್ಬರು ನೀಲಿಗೆ ಸೇರಿಸಿದರೆ ಇನ್ನೊಬ್ಬರು ಹಸಿರಿಗೆ ಸೇರಿಸುತ್ತಾರೆ. ಮಾತುಕತೆಯಲ್ಲಿ ಇದು ನಡೆದುಹೋಗುತ್ತದೆ, ವ್ಯಾಪಾರದಲ್ಲಿ ನಡೆಯುವುದಿಲ್ಲ. ಬಟ್ಟೆಯ ಉದ್ದಕ್ಕೆ ಮೀಟರ್, ಅಕ್ಕಿಗೆ ಕಿಲೋ ಇರುವಂತೆ ಬಣ್ಣಕ್ಕೂ ಒಂದು ಅಳತೆ ಬೇಕು. ಕಲರಿಮೀಟರ್ ಪ್ರತಿ ಬಣ್ಣಕ್ಕೂ ಮೂರು ಸಂಖ್ಯೆಗಳನ್ನು ಕೊಡುತ್ತದೆ. ಬಣ್ಣವನ್ನು ಹೀಗೆ ಮೂರು ಸಂಖ್ಯೆಗಳಲ್ಲಿ ಬರೆಯಬಹುದು ಎಂಬುದನ್ನು ಅಳೆದು ತೋರಿಸಿದವರಲ್ಲಿ ಮೊದಲಿಗರು ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ವಿಜ್ಞಾನ ವಿಭಾಗದವರು ಈ ಹೆಸರನ್ನು ವಿದ್ಯುತ್ಕಾಂತೀಯ ಅಲೆಗಳ ಪಾಠದಲ್ಲಿ ಓದಿರುತ್ತಾರೆ. ಆದರೆ ಆ ಪಾಠದಲ್ಲಿ ಬುಗುರಿಯ ಕಥೆ ಇಲ್ಲ. ನಮಗೆ ಕಾಮರ್ಸ್‌ನವರಿಗೆ ಬೇಕಾದದ್ದು ಆ ಬುಗುರಿಯೇ.

ಜೇಮ್ಸ್ ಹುಟ್ಟಿದ್ದು 1831ರ ಜೂನ್ 13ರಂದು, ಎಡಿನ್‌ಬರೊ ನಗರದಲ್ಲಿ. ತಂದೆ ಜಾನ್ ವಕೀಲರು, ತಾಯಿ ಫ್ರಾನ್ಸಿಸ್. ಬೆಳೆದದ್ದು ಗ್ಲೆನ್‌ಲೇರ್ ಎಂಬ ಹಳ್ಳಿಯ ಮನೆಯಲ್ಲಿ. ಮನೆಯ ಕರೆಗಂಟೆಗಳ ತಂತಿ ಗೋಡೆಯೊಳಗೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಹೊಳೆಯ ನೀರು ಎಲ್ಲಿಂದ ಬರುತ್ತದೆ ಎಂದು ಮಗು ಎಲ್ಲವನ್ನೂ ವಿಚಾರಿಸುತ್ತಿತ್ತು. ಒಮ್ಮೆ ಯಾರೋ ಒಂದು ಕಲ್ಲನ್ನು ತೋರಿಸಿ ಅದು ನೀಲಿ ಎಂದರೆ, ಅದು ನೀಲಿ ಎಂದು ನಿಮಗೆ ಹೇಗೆ ಗೊತ್ತು ಎಂದು ಹಟ ಹಿಡಿದು ಕೇಳಿದನಂತೆ. ದೊಡ್ಡವರು ನಕ್ಕು ಸುಮ್ಮನಾಗಿರಬೇಕು. ಆದರೆ ಆ ಪ್ರಶ್ನೆಯನ್ನು ಆತ ಕೊನೆಯವರೆಗೂ ಬಿಡಲಿಲ್ಲ.

ತಾಯಿಯೇ ಅವನ ಮೊದಲ ಗುರು. ಎಂಟು ವರ್ಷ ತುಂಬುವ ಹೊತ್ತಿಗೆ ಬೈಬಲ್ಲಿನ 119ನೆಯ ಕೀರ್ತನೆ, ಅಂದರೆ 176 ಚರಣಗಳು, ಅವನಿಗೆ ಬಾಯಿಪಾಠ ಬರುತ್ತಿದ್ದವು. ಹಿಫ್ಜ್ ಮಾಡುವ ಚಿಕ್ಕ ಮಕ್ಕಳನ್ನು ಮನೆಯಲ್ಲೇ ನೋಡಿದ ನಮಗೆ ಇದು ನಂಬಲಾಗದ ಮಾತಲ್ಲ. 1839ರ ಡಿಸೆಂಬರಿನಲ್ಲಿ ತಾಯಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಮಗನಿಗೆ ಎಂಟು ವರ್ಷ. ಬಳಿಕ ಪಾಠಕ್ಕೆಂದು ನೇಮಿಸಿದ ಯುವಕ ಹೊಡೆದು ಕಲಿಸುವವನಾಗಿದ್ದ. ಇದನ್ನು ತಿಳಿದ ಮೇಲೆ ಮನೆಯವರು ಹುಡುಗನನ್ನು ಎಡಿನ್‌ಬರೊ ಅಕಾಡೆಮಿ ಎಂಬ ಶಾಲೆಗೆ ಸೇರಿಸಿದರು. ಅವನು ಅಲ್ಲಿ ಅತ್ತೆಯ ಮನೆಯಲ್ಲಿ ಉಳಿದುಕೊಂಡ.

ಶಾಲೆಯ ಮೊದಲ ದಿನವೇ ಪೆಟ್ಟು ಬಿತ್ತು. ಅವನ ತಂದೆ ತಾವೇ ನಮೂನೆ ಬರೆದು ಮಾಡಿಸಿದ ಚೌಕ ಮೂತಿಯ ಬೂಟು, ಹಳ್ಳಿಯ ಅಂಗಿ, ಹಳ್ಳಿಯ ಮಾತು. ನಗರದ ಹುಡುಗರಿಗೆ ಇಷ್ಟು ಸಾಕಾಯಿತು. ಸಂಜೆ ಹರಿದ ಬಟ್ಟೆಯಲ್ಲಿ ಮನೆಗೆ ಬಂದ. ಪೆದ್ದ ಎಂಬ ಅರ್ಥದ ಅಡ್ಡಹೆಸರು ಬಿದ್ದು, ಅದು ವರ್ಷಗಟ್ಟಲೆ ಉಳಿಯಿತು. ಆದರೆ ಅದೇ ಹುಡುಗ ಹದಿನಾಲ್ಕನೆಯ ವಯಸ್ಸಿನಲ್ಲಿ ದಾರ ಮತ್ತು ಗುಂಡುಸೂಜಿ ಬಳಸಿ ಮೊಟ್ಟೆಯಾಕಾರದ ವಕ್ರರೇಖೆಗಳನ್ನು ಬರೆಯುವ ಹೊಸ ಕ್ರಮವನ್ನು ಕಂಡುಕೊಂಡ. 1846ರಲ್ಲಿ ಆ ಲೇಖನ ಎಡಿನ್‌ಬರೊ ರಾಯಲ್ ಸೊಸೈಟಿಯ ಮುಂದೆ ಬಂತು. ಬರೆದವನು ತೀರಾ ಚಿಕ್ಕವನೆಂದು ಪ್ರೊಫೆಸರ್ ಜೇಮ್ಸ್ ಫೋರ್ಬ್ಸ್ ಅವರೇ ಅದನ್ನು ಸಭೆಗೆ ಮಂಡಿಸಿದರು. ಹದಿನಾಲ್ಕಕ್ಕೆ ಅವನು ಅಲ್ಲಿದ್ದ. ಹದಿನೇಳಕ್ಕೆ ನಾವೆಲ್ಲಿದ್ದೇವೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಬಣ್ಣದ ಕೆಲಸಕ್ಕೆ ಅವನನ್ನು ಎಳೆದವರೂ ಫೋರ್ಬ್ಸ್ ಅವರೇ. ಹದಿನಾರಕ್ಕೆ ಎಡಿನ್‌ಬರೊ ವಿಶ್ವವಿದ್ಯಾಲಯ ಸೇರಿದ ಜೇಮ್ಸ್ ಅವರ ಪ್ರಯೋಗಶಾಲೆಯಲ್ಲಿ ಓಡಾಡಿಕೊಂಡಿದ್ದ. ಅಲ್ಲಿ ಬಣ್ಣದ ಕಾಗದಗಳನ್ನು ಒಂದು ಬಿಲ್ಲೆಗೆ ಅಂಟಿಸಿ ರಭಸದಿಂದ ತಿರುಗಿಸಿ ನೋಡುತ್ತಿದ್ದರು. ನೀಲಿಯನ್ನೂ ಹಳದಿಯನ್ನೂ ಸೇರಿಸಿ ತಿರುಗಿಸಿದರೆ ಹಸಿರು ಬರಬೇಕಲ್ಲವೇ? ಬರಲಿಲ್ಲ. ಮಾಸಲು ಗುಲಾಬಿ ಬಂತು. ಡ್ರಾಯಿಂಗ್ ಕ್ಲಾಸಿನಲ್ಲಿ ಕಲಿತದ್ದೇ ತಪ್ಪೇ? ತಪ್ಪಲ್ಲ, ಅದು ಬೇರೆ ವಿಷಯ. ಬಣ್ಣದ ಪುಡಿಗಳನ್ನು ಕಲಸಿದಾಗ ಒಂದೊಂದು ಪುಡಿಯೂ ಬೆಳಕಿನ ಒಂದೊಂದು ಪಾಲನ್ನು ನುಂಗುತ್ತದೆ. ಎರಡೂ ನುಂಗದೆ ಉಳಿಸಿದ್ದು ಹಸಿರು, ಹಾಗಾಗಿ ಹಸಿರು ಕಾಣುತ್ತದೆ. ಬಿಲ್ಲೆ ತಿರುಗಿದಾಗ ನುಂಗುವುದಿಲ್ಲ, ಬೆಳಕಿಗೆ ಬೆಳಕು ಸೇರುತ್ತದೆ. ಒಂದು ಕಡೆ ಕಳೆಯುವ ಲೆಕ್ಕ, ಇನ್ನೊಂದು ಕಡೆ ಕೂಡುವ ಲೆಕ್ಕ. ಪ್ರಿಂಟರಿನಲ್ಲಿ ನಡೆಯುವುದು ಮೊದಲನೆಯದು, ಮಾನಿಟರಿನಲ್ಲಿ ನಡೆಯುವುದು ಎರಡನೆಯದು. ಪರದೆಯ ಬಣ್ಣ ಕಾಗದದ ಮೇಲೆ ಹಾಗೆಯೇ ಇಳಿಯದಿರುವುದಕ್ಕೆ ಮುಖ್ಯ ಕಾರಣ ಇದು.

ತಿರುಗುವ ಬುಗುರಿಯ ಮೇಲಿನ ಹಲವು ಬಣ್ಣಗಳು ಒಂದೇ ಬಣ್ಣವಾಗಿ ಕಾಣುತ್ತವೆ ಎಂಬುದನ್ನು ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಅವರು ತಮ್ಮ ಕಿತಾಬುಲ್ ಮನಾಜಿರ್‌ನಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾರೆ. ನಮ್ಮ ಕಾಲೇಜಿನಲ್ಲಿ ಅವರ ಹೆಸರು ಕೇಳದವರು ಕಡಿಮೆ. ಆದರೆ ನಮ್ಮವರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರು ಎಂದು ಸುಮ್ಮನಾಗುವುದು ಸರಿಯಲ್ಲ. ಅವರು ಕಾರಣವನ್ನು ಹುಡುಕಿದರು, ಅಂದರೆ ಕಣ್ಣಿಗೆ ಪ್ರತಿ ಬಣ್ಣವನ್ನು ಬೇರೆಬೇರೆಯಾಗಿ ಹಿಡಿಯಲು ಸಮಯ ಸಾಲದು ಎಂಬುದನ್ನು. ಎಷ್ಟು ಪಾಲು ಯಾವ ಬಣ್ಣ ಎಂದು ಅಳೆದದ್ದು ಮ್ಯಾಕ್ಸ್‌ವೆಲ್. ನಡುವೆ ನ್ಯೂಟನ್ ಬಿಳಿ ಬೆಳಕನ್ನು ಪ್ರಿಸಂನಿಂದ ಒಡೆದಿದ್ದರು. ಥಾಮಸ್ ಯಂಗ್ ಅವರು ಕಣ್ಣಿನಲ್ಲಿ ಮೂರೇ ಬಗೆಯ ಗ್ರಾಹಕಗಳಿರಬಹುದು ಎಂದು ಊಹಿಸಿದ್ದರು. ಊಹೆಗೆ ಲೆಕ್ಕದ ಪುರಾವೆ ಇರಲಿಲ್ಲ.

ಕೇಂಬ್ರಿಜ್‌ನಲ್ಲಿ 1854ರ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಪಡೆದ ಮೇಲೆ ಜೇಮ್ಸ್ ಮತ್ತೆ ಬುಗುರಿಗೆ ಮರಳಿದ. ಈ ಸಲ ಆಟವಲ್ಲ. ಬಿಲ್ಲೆಯಾಕಾರದ ಬಣ್ಣದ ಕಾಗದಗಳನ್ನು ನಡುವಿನವರೆಗೆ ಸೀಳಿ, ಒಂದರೊಳಗೊಂದು ಜಾರಿಸಿದರೆ ಯಾವ ಬಣ್ಣ ಎಷ್ಟು ಪಾಲು ಕಾಣಬೇಕು ಎಂಬುದನ್ನು ಹೆಚ್ಚುಕಡಿಮೆ ಮಾಡಬಹುದು. ಬುಗುರಿಯ ಅಂಚಿಗೆ ನೂರು ಗುರುತುಗಳು. ಹೊರಗಿನ ದೊಡ್ಡ ಸುತ್ತಿನಲ್ಲಿ ಸಿಂಧೂರಗೆಂಪು, ಪಚ್ಚೆ ಹಸಿರು, ಅಲ್ಟ್ರಾಮರೀನ್ ಎಂಬ ಗಾಢ ನೀಲಿ. ಒಳಗಿನ ಸಣ್ಣ ಸುತ್ತಿನಲ್ಲಿ ಕಪ್ಪು ಮತ್ತು ಬಿಳಿ. ತಿರುಗಿಸಿದಾಗ ಒಳಗೂ ಹೊರಗೂ ಒಂದೇ ಬೂದು ಬಣ್ಣ ಕಾಣುವವರೆಗೆ ಪಾಲುಗಳನ್ನು ಬದಲಿಸುತ್ತಾ ಹೋಗಬೇಕು. ಒಮ್ಮೆ ಸಿಕ್ಕ ಲೆಕ್ಕ ಹೀಗಿತ್ತು: ಹೊರಗೆ ಕೆಂಪು 37, ನೀಲಿ 27, ಹಸಿರು 36, ಒಳಗೆ ಬಿಳಿ 28, ಕಪ್ಪು 72. ಎರಡೂ ಕಡೆಯ ಮೊತ್ತ 100.

ಇದನ್ನು ಓದಿದಾಗ ನನಗೆ ಅಕೌಂಟೆನ್ಸಿ ಪುಸ್ತಕದ ತಾಳೆಪಟ್ಟಿ ನೆನಪಾಯಿತು. ಡೆಬಿಟ್ ಕಡೆಯಲ್ಲಿ ಮೂರು ಖಾತೆ, ಕ್ರೆಡಿಟ್ ಕಡೆಯಲ್ಲಿ ಎರಡು ಖಾತೆ, ಕೊನೆಗೆ ಮೊತ್ತ ತಾಳೆಯಾಗಬೇಕು. ವ್ಯತ್ಯಾಸ ಏನೆಂದರೆ ಇಲ್ಲಿ ತಾಳೆಯಾಯಿತು ಎಂದು ಹೇಳುವುದು ಕಣ್ಣು. ಕೆಲವು ಬಣ್ಣಗಳು ಎಷ್ಟು ಪ್ರಯತ್ನಿಸಿದರೂ ಈ ಮೂರರಿಂದ ಬರುವುದಿಲ್ಲ. ಆಗ ಮೂರರಲ್ಲಿ ಒಂದನ್ನು ಎದುರು ಕಡೆಗೆ ಸೇರಿಸಿದರೆ ತಾಳೆಯಾಗುತ್ತದೆ. ಲೆಕ್ಕದಲ್ಲಿ ಅದು ಮೈನಸ್. ಮೂರು ಬಣ್ಣಗಳನ್ನು ತ್ರಿಕೋನದ ಮೂರು ಮೂಲೆಗಳಲ್ಲಿ ಇಟ್ಟು ಮ್ಯಾಕ್ಸ್‌ವೆಲ್ ಪ್ರತಿ ಬಣ್ಣಕ್ಕೂ ಒಂದು ಜಾಗ ಗುರುತಿಸಿದರು. ಮೈನಸ್ ಬಂದ ಬಣ್ಣಗಳು ತ್ರಿಕೋನದ ಹೊರಗೆ ಬೀಳುತ್ತವೆ. ಇಂದು ಮಾನಿಟರಿನ ಡಬ್ಬದ ಮೇಲೆ ಎಸ್‌ಆರ್‌ಜಿಬಿ ಶೇಕಡಾ 99 ಎಂದೋ ಮತ್ತೇನೋ ಬರೆದಿರುತ್ತದಲ್ಲ, ಅದು ಇಂಥದೇ ಒಂದು ತ್ರಿಕೋನದ ಮಾತು. ಆ ಮಾನಿಟರಿನ ಕೆಂಪು, ಹಸಿರು, ನೀಲಿಯ ತ್ರಿಕೋನದ ಹೊರಗಿರುವ ಬಣ್ಣವನ್ನು ಯಾವ ಕ್ಯಾಲಿಬ್ರೇಷನ್ನೂ ಅದರಿಂದ ತೋರಿಸಲಾರದು.

1855ರಲ್ಲಿ ಈ ಕೆಲಸ ಪ್ರಕಟವಾಯಿತು. ಅದರಲ್ಲಿ ಇನ್ನೆರಡು ವಿಷಯಗಳಿದ್ದವು. ಹಗಲು ಬೆಳಕಿನಲ್ಲಿ ತಾಳೆಯಾದ ಬುಗುರಿ ಗ್ಯಾಸ್ ದೀಪದ ಬೆಳಕಿನಲ್ಲಿ ತಾಳೆಯಾಗುವುದಿಲ್ಲ, ಪಾಲುಗಳು ಬದಲಾಗುತ್ತವೆ. ಹಾಗಾಗಿ ಅಳತೆಯ ಜೊತೆ ಯಾವ ಬೆಳಕು ಎಂದು ಬರೆಯಲೇಬೇಕು. ಇನ್ನೊಂದು, ಬಣ್ಣಗುರುಡು ಇರುವವರಿಗೆ ಮೂರು ಕಾಗದ ಬೇಕಾಗಿರಲಿಲ್ಲ, ಎರಡೇ ಸಾಕಾಗುತ್ತಿದ್ದವು. ಅವರ ಕಣ್ಣಿನಲ್ಲಿ ಮೂರರಲ್ಲಿ ಒಂದು ಖಾತೆ ತೆರೆದೇ ಇಲ್ಲ ಎಂಬುದು ಇದರಿಂದ ಗೊತ್ತಾಯಿತು. ಯಂಗ್ ಅವರ ಊಹೆಗೆ ಪುರಾವೆ ಸಿಕ್ಕಿದ್ದು ಹೀಗೆ. ಒಂದು ಕಣ್ಣಿಗೆ ಕೆಂಪು ಗಾಜು, ಇನ್ನೊಂದಕ್ಕೆ ಹಸಿರು ಗಾಜು ಇರುವ ಕನ್ನಡಕದಿಂದ ಅಂಥವರು ಬಣ್ಣಗಳ ವ್ಯತ್ಯಾಸ ತಿಳಿಯಬಹುದು ಎಂದೂ ಅವರು ಸೂಚಿಸಿದ್ದರು.

1856ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಮ್ಯಾಕ್ಸ್‌ವೆಲ್ ಅವರು ಆಬರ್ಡೀನ್‌ನ ಮಾರಿಷಲ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು, ಇಪ್ಪತ್ತೈದರ ಹೊತ್ತಿಗೆ. ಕಾಲೇಜಿನ ಪಾಠದ ಜೊತೆಗೆ ಕೆಲಸಗಾರರಿಗೆ ಸಂಜೆ ಪಾಠವನ್ನೂ ಮಾಡುತ್ತಿದ್ದರು. ಶನಿಗ್ರಹದ ಉಂಗುರಗಳು ಗಟ್ಟಿ ತಟ್ಟೆಯಲ್ಲ, ಲೆಕ್ಕವಿಲ್ಲದಷ್ಟು ಚಿಕ್ಕ ತುಣುಕುಗಳು ಎಂದು ಗಣಿತದಿಂದ ತೋರಿಸಿ ಆಡಮ್ಸ್ ಬಹುಮಾನ ಪಡೆದದ್ದೂ ಇಲ್ಲಿಯೇ. 1858ರಲ್ಲಿ ಪ್ರಿನ್ಸಿಪಾಲರ ಮಗಳು ಕ್ಯಾಥರಿನ್ ಅವರನ್ನು ಮದುವೆಯಾದರು. ಆಕೆ ಅವರಿಗಿಂತ ಏಳು ವರ್ಷ ದೊಡ್ಡವರು.

ಎರಡು ವರ್ಷದಲ್ಲಿ ಕೆಲಸ ಹೋಯಿತು. 1860ರಲ್ಲಿ ಊರಿನ ಎರಡು ಕಾಲೇಜುಗಳನ್ನು ಒಂದು ಮಾಡಿದಾಗ ಭೌತಶಾಸ್ತ್ರಕ್ಕೆ ಒಬ್ಬರೇ ಪ್ರೊಫೆಸರ್ ಸಾಕು ಎಂದಾಯಿತು. ಉಳಿಸಿಕೊಂಡದ್ದು ಇನ್ನೊಬ್ಬರನ್ನು. ಮಾವನೇ ಪ್ರಿನ್ಸಿಪಾಲರಾಗಿದ್ದರೂ ಪ್ರಯೋಜನವಾಗಲಿಲ್ಲ. ಎಡಿನ್‌ಬರೊದಲ್ಲಿ ಖಾಲಿಯಾದ ಹುದ್ದೆಗೆ ಅರ್ಜಿ ಹಾಕಿದರೆ ಅದು ಅವರ ಶಾಲೆಯ ಗೆಳೆಯ ಪೀಟರ್ ಟೇಟ್ ಪಾಲಾಯಿತು. ಅದೇ ವರ್ಷ ಸಿಡುಬು ಬಂದು ಸಾವಿನ ಬಾಗಿಲಿಗೆ ಹೋಗಿ ಬಂದರು. ಹತ್ತಿರ ಕುಳಿತು ಆರೈಕೆ ಮಾಡಿ ಉಳಿಸಿದವರು ಕ್ಯಾಥರಿನ್. ಆದರೆ ಅದೇ ವರ್ಷವೇ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಬಣ್ಣದ ಸಂಶೋಧನೆಗೆ ರಾಯಲ್ ಸೊಸೈಟಿಯ ರಮ್‌ಫರ್ಡ್ ಪದಕವೂ ಬಂತು.

ಬುಗುರಿಯಲ್ಲಿ ಒಂದು ಕೊರತೆ ಇತ್ತು. ಕಾಗದದ ಬಣ್ಣ ಕಾಗದ ಮಾಡಿದವನನ್ನು ಅವಲಂಬಿಸಿದ್ದು. ಇನ್ನೊಂದು ಊರಿನವರಿಗೆ ಅದೇ ಸಿಂಧೂರ ಸಿಗಬೇಕಲ್ಲ? ಅದಕ್ಕಾಗಿ ಮ್ಯಾಕ್ಸ್‌ವೆಲ್ ಅವರು ಕಾಗದವನ್ನು ಬಿಟ್ಟು ಸೂರ್ಯನ ಬೆಳಕನ್ನೇ ಹಿಡಿದರು. ಸುಮಾರು ಎಂಟು ಅಡಿ ಉದ್ದದ, ಒಳಗೆ ಕಪ್ಪು ಬಳಿದ ಪೆಟ್ಟಿಗೆ ಮಾಡಿಸಿದರು. ಪ್ರಿಸಂ ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತದೆ. ಮೂರು ಸೀಳುಗಳಿಂದ ಬೇಕಾದ ಮೂರು ಬಣ್ಣಗಳನ್ನು ಮಾತ್ರ ಆರಿಸಿ, ಸೀಳಿನ ಅಗಲದಿಂದ ಒಂದೊಂದರ ಪ್ರಮಾಣವನ್ನು ಅಳೆಯಬಹುದು. ಪಕ್ಕದಲ್ಲಿ ಬಿಳಿ ಬೆಳಕು. ಎರಡೂ ಒಂದೇ ಆಗಿ ಕಂಡಾಗ ಅಗಲಗಳನ್ನು ಬರೆದುಕೊಳ್ಳಬೇಕು. ಲಂಡನ್ನಿನ ಮನೆಯ ಕಿಟಕಿಯ ಬಳಿ ಗಂಟೆಗಟ್ಟಲೆ ಆ ಕಪ್ಪು ಪೆಟ್ಟಿಗೆಯೊಳಗೆ ಇಣುಕುವುದನ್ನು ಕಂಡ ನೆರೆಯವರು ಈ ಮನುಷ್ಯ ಶವಪೆಟ್ಟಿಗೆಯನ್ನು ನೋಡುತ್ತಾ ಕೂರುತ್ತಾನೆ, ಹುಚ್ಚನಿರಬೇಕು ಎಂದುಕೊಂಡಿದ್ದರು.

ಆ ಪೆಟ್ಟಿಗೆಯಲ್ಲಿ ಇಣುಕಿದವರು ಅವರೊಬ್ಬರೇ ಅಲ್ಲ. ಪ್ರಕಟವಾದ ಪಟ್ಟಿಯಲ್ಲಿ ಇಬ್ಬರು ವೀಕ್ಷಕರಿದ್ದಾರೆ, ಜೆ ಮತ್ತು ಕೆ. ಜೆ ಅಂದರೆ ಜೇಮ್ಸ್, ಕೆ ಅಂದರೆ ಕ್ಯಾಥರಿನ್. ಆ ಅಳತೆಗಳ ಹಿಂದೆ ಮೇಡಂ ಒಬ್ಬರ ಕಣ್ಣಿತ್ತು ಎಂಬುದು ಒಂದೇ ಅಕ್ಷರದಲ್ಲಿ ಅಡಗಿ ಕುಳಿತಿದೆ. ನನಗೆ ಈ ಇಡೀ ಜೀವನದಲ್ಲಿ ಮುಖ್ಯವೆನಿಸುವುದು ಇಲ್ಲಿ ನಡೆದದ್ದು. ಗಂಡಹೆಂಡತಿಯ ಸಂಖ್ಯೆಗಳು ಹತ್ತಿರವಿದ್ದವು, ಆದರೆ ಒಂದೇ ಆಗಿರಲಿಲ್ಲ. ಇಬ್ಬರೂ ಬಣ್ಣಗುರುಡರಲ್ಲ. ಪೆಟ್ಟಿಗೆ ಅದೇ, ಸೂರ್ಯ ಅದೇ. ಮ್ಯಾಕ್ಸ್‌ವೆಲ್ ಅವರು ಸರಾಸರಿ ತೆಗೆದು ವ್ಯತ್ಯಾಸವನ್ನು ಮುಚ್ಚಿಹಾಕಬಹುದಿತ್ತು, ಅಥವಾ ತಮ್ಮದೇ ಸರಿ ಎನ್ನಬಹುದಿತ್ತು. ಹಾಗೆ ಮಾಡದೆ ಎರಡನ್ನೂ ಬೇರೆಬೇರೆ ಬರೆದು, ಕಾರಣ ಹುಡುಕಿದರು. ರೆಟಿನಾದ ನಡುವೆ ಒಂದು ಹಳದಿ ಚುಕ್ಕೆ ಇದೆ. ಅದು ನೀಲಿ ಕಡೆಯ ಬೆಳಕನ್ನು ಸ್ವಲ್ಪ ನುಂಗುತ್ತದೆ. ಅದರ ಗಾಢತೆ ಎಲ್ಲರಲ್ಲೂ ಒಂದೇ ಇಲ್ಲ. ನಾವು ಪ್ರತಿಯೊಬ್ಬರೂ ಬೇರೆಬೇರೆ ಗಾಢತೆಯ ಹಳದಿ ಗಾಜಿನಿಂದ ಲೋಕವನ್ನು ನೋಡುತ್ತಿದ್ದೇವೆ, ಅದನ್ನು ತೆಗೆದಿಡಲು ಬರುವುದಿಲ್ಲ.

1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಉಪನ್ಯಾಸ ಕೊಟ್ಟರು. ಛಾಯಾಗ್ರಾಹಕ ಥಾಮಸ್ ಸಟನ್ ಅವರಿಂದ ಒಂದು ಚೌಕುಳಿ ರಿಬ್ಬನ್ನಿನ ಫೋಟೊವನ್ನು ಕೆಂಪು, ಹಸಿರು, ನೀಲಿ ದ್ರಾವಣಗಳ ಮೂಲಕ ಬೇರೆಬೇರೆಯಾಗಿ ತೆಗೆಸಿದ್ದರು. ಮೂರು ಲಾಂದ್ರಗಳಿಂದ, ಅವೇ ಮೂರು ಬಣ್ಣಗಳ ಮೂಲಕ, ಮೂರನ್ನೂ ಒಂದರ ಮೇಲೊಂದು ಪರದೆಗೆ ಬಿಟ್ಟಾಗ ರಿಬ್ಬನ್ ಬಣ್ಣದಲ್ಲಿ ಕಂಡಿತು. ಇಂದು ನಮ್ಮ ಮೊಬೈಲಿನ ಒಂದೊಂದು ಚುಕ್ಕೆಯೂ ಇದನ್ನೇ ಮಾಡುತ್ತದೆ. ಪರದೆಯ ಮೇಲಿನ ಹಳದಿಯನ್ನು ಭೂತಗನ್ನಡಿಯಿಂದ ನೋಡಿದರೆ ಅಲ್ಲಿ ಹಳದಿಯೇ ಇಲ್ಲ. ಕೆಂಪು, ಹಸಿರು ಚುಕ್ಕೆಗಳು ಮಾತ್ರ.

ಆದರೆ ಆ ದಿನದ ಪ್ರಯೋಗ ಗೆಲ್ಲಬಾರದಿತ್ತು. ಆ ಕಾಲದ ಫೋಟೊ ಗಾಜಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ನೀಲಿಗೆ ಕೆಲವೇ ಸೆಕೆಂಡು ಸಾಕಾದರೆ ಉಳಿದೆರಡಕ್ಕೆ ಹಲವು ನಿಮಿಷ ಹಿಡಿದಿತ್ತು. ಹಾಗಿದ್ದರೆ ಕೆಂಪಿನ ಚಿತ್ರ ಬಂದದ್ದು ಹೇಗೆ? ನೂರು ವರ್ಷದ ಮೇಲೆ, 1961ರಲ್ಲಿ, ಕೊಡಾಕ್ ಕಂಪನಿಯ ಸಂಶೋಧಕರು ಮತ್ತೆ ಪ್ರಯೋಗ ಮಾಡಿ ಕಂಡುಹಿಡಿದರು. ರಿಬ್ಬನ್ನಿನ ಕೆಂಪು ಬಣ್ಣ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನೂ ಹಿಂದಕ್ಕೆ ಕಳಿಸುತ್ತಿತ್ತು. ಕೆಂಪು ದ್ರಾವಣ ಅವನ್ನು ತಡೆಯಲಿಲ್ಲ. ಗಾಜಿನ ಮೇಲೆ ದಾಖಲಾದದ್ದು ಅವು. ಲೆಕ್ಕ ತಾಳೆಯಾಗಿತ್ತು, ಆದರೆ ಒಂದು ತಪ್ಪು ಇನ್ನೊಂದು ತಪ್ಪನ್ನು ಸರಿಮಾಡಿದ್ದರಿಂದ. ಅಕೌಂಟೆನ್ಸಿಯಲ್ಲಿ ಇದಕ್ಕೆ ಪರಿಹಾರಕ ದೋಷ ಎಂಬ ಹೆಸರೇ ಇದೆ. ತಾಳೆಪಟ್ಟಿ ಇದನ್ನು ಹಿಡಿಯುವುದಿಲ್ಲ. ಫಿಲ್ಟರು ಕಾಣುವುದೂ ಕಣ್ಣು ಕಾಣುವುದೂ ಒಂದೇ ಅಲ್ಲ ಎಂಬ ಈ ಮಾತು ಮುಂದೆ ಕಲರಿಮೀಟರಿನಲ್ಲಿ ಮತ್ತೆ ಬರುತ್ತದೆ.

ಲಂಡನ್ನಿನ ಐದು ವರ್ಷಗಳಲ್ಲೇ ಬೆಳಕು ಎಂಬುದು ವಿದ್ಯುತ್ತು ಮತ್ತು ಕಾಂತಶಕ್ತಿಯ ಅಲೆ ಎಂಬ ಅವರ ದೊಡ್ಡ ಸಿದ್ಧಾಂತ ರೂಪುಗೊಂಡಿತು. ಅದನ್ನು ವಿಜ್ಞಾನದ ಗೆಳೆಯರಿಗೆ ಬಿಡುತ್ತೇನೆ. ಟೆಲಿಗ್ರಾಫ್ ವ್ಯವಹಾರಕ್ಕೆ ಎಲ್ಲರೂ ಒಪ್ಪುವ ವಿದ್ಯುತ್ ಅಳತೆ ಬೇಕಾಗಿದ್ದಾಗ, ಓಮ್ ಎಂಬ ಮಾನವನ್ನು ನಿಖರವಾಗಿ ಅಳೆದು ಕೊಟ್ಟ ಸಮಿತಿಯಲ್ಲೂ ಅವರು ದುಡಿದರು ಎಂಬುದನ್ನು ಮಾತ್ರ ಸೇರಿಸುತ್ತೇನೆ. 1865ರಲ್ಲಿ ಕೆಲಸ ಬಿಟ್ಟು ಗ್ಲೆನ್‌ಲೇರಿಗೆ ಮರಳಿದರು. 1871ರಲ್ಲಿ ಕೇಂಬ್ರಿಜ್ ಮತ್ತೆ ಕರೆಯಿತು. ಅಲ್ಲಿ ಕ್ಯಾವೆಂಡಿಷ್ ಪ್ರಯೋಗಶಾಲೆಯನ್ನು ಕಟ್ಟಿಸಿದರು, ಅದು 1874ರಲ್ಲಿ ತೆರೆಯಿತು. ಕೊನೆಯ ವರ್ಷಗಳಲ್ಲಿ ಕ್ಯಾಥರಿನ್ ಕಾಯಿಲೆ ಬಿದ್ದರು. ಒಮ್ಮೆ ಮೂರು ವಾರ ಹಾಸಿಗೆಯಲ್ಲಿ ಮಲಗದೆ ಆಕೆಯ ಪಕ್ಕದಲ್ಲೇ ಕುರ್ಚಿಯಲ್ಲಿ ರಾತ್ರಿ ಕಳೆದರು, ಹಗಲು ಪಾಠವನ್ನೂ ನಿಲ್ಲಿಸಲಿಲ್ಲ. ಆಮೇಲೆ ಅವರಿಗೇ ತಾಯಿಗೆ ಬಂದ ಕಾಯಿಲೆಯೇ ಬಂತು. 1879ರ ನವೆಂಬರ್ 5ರಂದು, 48ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಗ್ಲೆನ್‌ಲೇರ್ ಹತ್ತಿರದ ಪಾರ್ಟನ್ ಎಂಬ ಹಳ್ಳಿಯಲ್ಲಿ ಅವರ ಸಮಾಧಿ ಇದೆ. ಕ್ಯಾಥರಿನ್ ಅವರದೂ ಅಲ್ಲಿಯೇ.

ಕಪ್ಪು ಪೆಟ್ಟಿಗೆಯ ಕೆಲಸವನ್ನು ಅವರು ತೀರಿಕೊಂಡ ಸುಮಾರು ಐವತ್ತು ವರ್ಷದ ಬಳಿಕ ಇಂಗ್ಲೆಂಡಿನಲ್ಲಿ ಇಬ್ಬರು ಮುಂದುವರಿಸಿದರು. ಡೇವಿಡ್ ರೈಟ್ 10 ಜನರ ಕಣ್ಣುಗಳನ್ನು ಅಳೆದರು, ಜಾನ್ ಗಿಲ್ಡ್ 7 ಜನರದ್ದನ್ನು. ಈ 17 ಜನರ ಸರಾಸರಿಯ ಆಧಾರದ ಮೇಲೆ 1931ರಲ್ಲಿ ಬೆಳಕಿನ ಅಂತರರಾಷ್ಟ್ರೀಯ ಆಯೋಗವಾದ ಸಿಐಇ ಒಬ್ಬ ಮಾದರಿ ವೀಕ್ಷಕನನ್ನು ನಿಗದಿ ಮಾಡಿತು. ಆ ವೀಕ್ಷಕ ಎಲ್ಲೂ ಇಲ್ಲ, ಅವನು ಒಂದು ಕೋಷ್ಟಕ. ಇಂದು ಅಂಗಡಿಯಲ್ಲಿ ಸಿಗುವ ಬಣ್ಣದ ಸಾಧನಗಳೆಲ್ಲ ಅವನ ಕಣ್ಣನ್ನು ಅನುಕರಿಸಲು ಹೊರಟವು.

ಆದ್ದರಿಂದ ಸಾಧನ ಕೊಳ್ಳುವವರು ಮೊದಲು ಕೇಳಬೇಕಾದದ್ದು ಅದು ಹೇಗೆ ನೋಡುತ್ತದೆ ಎಂಬುದನ್ನು. ಕಲರಿಮೀಟರ್ ಬಣ್ಣದ ಫಿಲ್ಟರುಗಳ ಮೂಲಕ ನೋಡುತ್ತದೆ. ಬೆಲೆ ಕಡಿಮೆ, ಬೇಗ ಅಳೆಯುತ್ತದೆ, ಕಪ್ಪಿನ ಹತ್ತಿರದ ಮಂದ ಬಣ್ಣಗಳನ್ನೂ ಚೆನ್ನಾಗಿ ಹಿಡಿಯುತ್ತದೆ. ಕಡಿಮೆ ಎಂದರೂ ಒಂದು ಸಾಧಾರಣ ಮಾನಿಟರಿನಷ್ಟು ಬೆಲೆ ಆಗಬಹುದು. ಸ್ಪೈಡರ್, ಕ್ಯಾಲಿಬ್ರೈಟ್ ಎಂಬ ಹೆಸರುಗಳಲ್ಲಿ ಸಿಗುವವು ಹೆಚ್ಚಾಗಿ ಇವೇ. ಸ್ಪೆಕ್ಟ್ರೋಫೋಟೊಮೀಟರ್ ಬೆಳಕನ್ನು ಬಿಡಿಸಿ ನೋಡುತ್ತದೆ, ಎಂಟು ಅಡಿಯ ಪೆಟ್ಟಿಗೆ ಅಂಗೈಗೆ ಇಳಿದಂತೆ. ಅದು ದುಬಾರಿ, ಮಂದ ಬಣ್ಣಗಳಲ್ಲಿ ಸ್ವಲ್ಪ ದುರ್ಬಲ, ಆದರೆ ಅಚ್ಚಾದ ಕಾಗದವನ್ನೂ ಅಳೆಯುವ ಮಾದರಿಗಳು ಸಿಗುತ್ತವೆ. ಪ್ರೆಸ್ಸಿನವರಿಗೆ ಇದು ಬೇಕಾಗಬಹುದು. ಮಾನಿಟರ್ ಮಾತ್ರ ಸರಿಯಿದ್ದರೆ ಸಾಕು ಎನ್ನುವವರಿಗೆ ಕಲರಿಮೀಟರೇ ಸಾಕು.

ಕಲರಿಮೀಟರಿನ ಫಿಲ್ಟರು ಮಾದರಿ ವೀಕ್ಷಕನ ಕಣ್ಣಿಗೆ ಪೂರ್ತಿ ಹೊಂದುವುದಿಲ್ಲ, ಸಟನ್ ಅವರ ಕೆಂಪು ದ್ರಾವಣ ಹೊಂದದ ಹಾಗೆ. ಅದಕ್ಕೆ ಸಾಫ್ಟ್‌ವೇರ್ ತಿದ್ದುಪಡಿ ಹಾಕುತ್ತದೆ. ಆ ತಿದ್ದುಪಡಿ ಸಾಧಾರಣ ಎಲ್‌ಇಡಿ ಪರದೆಗೆ ಒಂದು, ಹೆಚ್ಚು ಬಣ್ಣ ತೋರಿಸುವ ಪರದೆಗೆ ಇನ್ನೊಂದು, ಓಎಲ್‌ಇಡಿಗೆ ಮತ್ತೊಂದು. ನಮ್ಮ ಪರದೆಯ ಜಾತಿ ಆ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಯೇ ಕೊಳ್ಳಬೇಕು, ಕೂರಿಸುವಾಗ ಅದನ್ನೇ ಆರಿಸಬೇಕು. ಕೆಲವು ಹಳೆಯ ಮಾದರಿಗಳ ಫಿಲ್ಟರು ವರ್ಷಗಳಾದಂತೆ, ತೇವಕ್ಕೆ, ಬಣ್ಣ ಕಳೆದುಕೊಳ್ಳುತ್ತವೆ. ಹಾಗಾಗಿ ತೀರಾ ಹಳೆಯ ಸೆಕೆಂಡ್ ಹ್ಯಾಂಡ್ ಸಾಧನ ಅಗ್ಗವೆಂದು ಕೊಂಡರೆ ಅಗ್ಗದ ತಪ್ಪು ಅಳತೆಯೇ ಸಿಗುತ್ತದೆ. ಸಾಧನದ ಜೊತೆ ಬರುವ ಸಾಫ್ಟ್‌ವೇರ್ ಎಷ್ಟು ಕಂಪ್ಯೂಟರಿಗೆ ನಡೆಯುತ್ತದೆ ಎಂಬುದನ್ನೂ ಓದಬೇಕು. ಡಿಸ್‌ಪ್ಲೇಕ್ಯಾಲ್ ಎಂಬ ಉಚಿತ ಸಾಫ್ಟ್‌ವೇರ್ ಕೂಡ ಇದೆ.

ಕೂರಿಸುವ ದಿನ ಅವಸರ ಬೇಡ. ಮಾನಿಟರ್ ಅರ್ಧ ಗಂಟೆಯಾದರೂ ಉರಿದು ಬಿಸಿಯಾಗಬೇಕು. ರಾತ್ರಿ ಮೋಡ್, ತಾನೇ ಬೆಳಕು ಬದಲಿಸುವ ಆಯ್ಕೆ, ಡೈನಾಮಿಕ್ ಕಾಂಟ್ರಾಸ್ಟ್ ಎಲ್ಲ ಆಫ್ ಮಾಡಿ, ಸೆಟ್ಟಿಂಗ್‌ಗಳನ್ನು ಕಾರ್ಖಾನೆಯಿಂದ ಬಂದಂತೆ ರೀಸೆಟ್ ಮಾಡಬೇಕು. ಪರದೆಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಸ್ವಲ್ಪ ಹಿಂದಕ್ಕೆ ವಾಲಿಸಿದರೆ ಸಾಧನ ಸಂದಿ ಬಿಡದೆ ಅಂಟಿ ಕೂರುತ್ತದೆ. ಕಿಟಕಿಯ ಬಿಸಿಲು ಪರದೆಗೆ ಬೀಳಬಾರದು. ಹಗಲು ಬೆಳಕು, ಗ್ಯಾಸ್ ದೀಪದ ಆ ಹಳೆಯ ಪಾಠ ಇಲ್ಲಿಯೂ ನಡೆಯುತ್ತದೆ. ಗುರಿಯಾಗಿ ಬಿಳಿಗೆ ಡಿ65, ಅಂದರೆ ಸುಮಾರು 6500 ಕೆಲ್ವಿನ್, ಗಾಮಾ 2.2, ಬೆಳಕು ಚದರ ಮೀಟರಿಗೆ 120 ಕ್ಯಾಂಡೆಲಾ ಎಂದು ಕೊಡುವುದು ರೂಢಿ. ಅಚ್ಚಿನ ಕಾಗದದ ಪಕ್ಕದಲ್ಲಿಟ್ಟು ಹೋಲಿಸುವವರು ಬೆಳಕನ್ನು ಇನ್ನೂ ತಗ್ಗಿಸುತ್ತಾರೆ. ಮೊದಲು ಮಾನಿಟರಿನ ಗುಂಡಿಗಳಿಂದಲೇ ಕೆಂಪು, ಹಸಿರು, ನೀಲಿಯನ್ನು ಸಮ ಮಾಡಿಕೊಂಡರೆ ಸಾಫ್ಟ್‌ವೇರಿಗೆ ಉಳಿಯುವ ಕೆಲಸ ಕಡಿಮೆ. ಆಮೇಲೆ ಅದು ಬಣ್ಣದ ಚೌಕಗಳನ್ನು ಒಂದೊಂದಾಗಿ ತೋರಿಸಿ, ಕೇಳಿದ್ದು ಎಷ್ಟು, ಬಂದದ್ದು ಎಷ್ಟು ಎಂದು ಬರೆದು, ಪ್ರೊಫೈಲ್ ಎಂಬ ಫೈಲು ಮಾಡುತ್ತದೆ. ಅದು ಆ ಮಾನಿಟರಿನ ಖಾತೆವಹಿ. ಪರದೆ ಹಳತಾಗುತ್ತಾ ಹೋಗುವುದರಿಂದ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮತ್ತೆ ಅಳೆಯಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಬೇರೆಬೇರೆ ಜಾತಿಯ ಎರಡು ಮಾನಿಟರುಗಳನ್ನು ಪಕ್ಕಪಕ್ಕ ಇಟ್ಟರೆ ಸಂಖ್ಯೆಗಳು ಒಂದೇ ಇದ್ದರೂ ಒಬ್ಬರಿಗೆ ಒಂದರ ಬಿಳಿ ಕೊಂಚ ಗುಲಾಬಿಯಾಗಿ ಕಾಣಬಹುದು, ಪಕ್ಕದಲ್ಲಿ ನಿಂತವರಿಗೆ ಹಾಗೆ ಕಾಣದಿರಬಹುದು. ಸಾಧನ ಕೆಟ್ಟಿಲ್ಲ. ಅವರಿಬ್ಬರ ಕಣ್ಣೂ ಆ ಕೋಷ್ಟಕದ ಕಣ್ಣಲ್ಲ, ಅಷ್ಟೆ. ಬಿಳಿಯನ್ನು ಕಣ್ಣಿನಿಂದಲೇ ನೋಡಿ ಹೊಂದಿಸುವ ಅವಕಾಶವೂ ಡಿಸ್‌ಪ್ಲೇಕ್ಯಾಲ್‌ನಲ್ಲಿದೆ. ಅದನ್ನು ಬಳಸಿದಾಗ ಪ್ರೊಫೈಲಿನ ಹೆಸರಿನಲ್ಲಿ ತಾರೀಖಿನ ಜೊತೆಗೆ ಹೊಂದಿಸಿದವರ ಹೆಸರಿನ ಮೊದಲ ಅಕ್ಷರವನ್ನೂ ಸೇರಿಸಿಟ್ಟರೆ, ಯಾರ ಕಣ್ಣಿನ ಬಿಳಿ ಎಂಬುದು ಮುಂದೆ ಬರುವವರಿಗೆ ಗೊತ್ತಾಗುತ್ತದೆ, ಜೆ ಮತ್ತು ಕೆ ಎಂದು ಬರೆದಿಟ್ಟ ಹಾಗೆ.